ಕತ್ತರಿ ಬಿದ್ದ ಕಾಗದ

ಲೋರ್ನಾ ಬೂಟುಗಳನ್ನು ಎದೆಗವಚಿಕೊಂಡೇ ಕಾರಿನಿಂದಿಳಿದಳು. ಹಿಮ್ಮಡಿಯಿಂದ ಒಣಮಣ್ಣಿನ ಹೆಂಟೆಯೊಂದು ಕಳಚಿ ಕಪ್ಪು ಕೋಟಿನ ಮೇಲೆ ಜಾರಿತು.

"ಕೊಡಿಲ್ಲಿ, ಒರೆಸಿ ಕೊಡ್ತೀನಿ," ಎಂದಳು ಬರ್ನೀಸ್, ಸತ್ತವನ ಅಕ್ಕ. ಅವಳ ಕೈಯಲ್ಲಿ ಆಗಲೇ ಒದ್ದೆ ಬಟ್ಟೆಯಿತ್ತು. "ಮಣ್ಣು ಮೆತ್ತಿದ ಬೂಟು ಹಾಕಿ ಯಾರಾದ್ರೂ ಕಳಿಸ್ತಾರೇನೇ?"

"ಬೇಡ ಬರ್ನೀಸ್."

"ಊರೋರು ಏನಂತಾರೆ?"

"ಟಪಾಲು ಹಂಚೋನು ಅಂತಾರೆ."

ಅಂತ್ಯಕ್ರಿಯೆ ನಡೆಸಿಕೊಡುವ ಏಮ್ಸ್ ಬಾಗಿಲು ತೆರೆದು ನಿಂತಿದ್ದ. ಬೂಟುಗಳನ್ನು ಎರಡೂ ಕೈಯಲ್ಲಿ ಇಸಿದುಕೊಂಡ. "ಪೆಟ್ಟಿಗೇಲಿ ಕಾಲಿನ ಕಡೆ ಮುಚ್ಚಳ ಹಾಕಿರ್ತೀವಿ. ಯಾರಿಗೂ ಕಾಣಲ್ಲ," ಎಂದ, ಇಬ್ಬರಿಗೂ ಕೇಳುವ ಹಾಗೆ.

ಲೋರ್ನಾಳ ಗಂಡ ಓರಿನ್ ಸೋಮವಾರ ಟಪಾಲು ಹಂಚಿ ಬಂದು, ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬೂಟಿನ ದಾರಕ್ಕೆ ಕೈ ಹಾಕಿದ್ದ. ಅಷ್ಟರಲ್ಲೇ ಹೃದಯ ನಿಂತಿತ್ತು. ಅವನಿಗೆ ನಲವತ್ತಾರು ವರ್ಷ. ಲೋರ್ನಾ ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದಳು. ಅವತ್ತು ಅವನು ಬಂದಾಗ ಅವಳು ಏನನ್ನೂ ಹೇಳಿರಲಿಲ್ಲ. ಅಂದಿನಿಂದ ಆ ಮಣ್ಣನ್ನು ಮುಟ್ಟುವುದು ಅವಳಿಂದಾಗಿರಲಿಲ್ಲ. ಅಳುವುದೂ ಆಗಿರಲಿಲ್ಲ.

ಅವಳ ಕಂಕುಳಲ್ಲಿ ಚಪ್ಪಟೆ ರಟ್ಟಿನ ಕಡತವೊಂದಿತ್ತು. ಅದರಲ್ಲಿ ಒಂದೇ ಕಾಗದ. ಹನ್ನೊಂದಕ್ಕೆ ಪೆಟ್ಟಿಗೆ ಮುಚ್ಚಿ ಚರ್ಚಿಗೆ ಒಯ್ಯುವ ಮೊದಲು ಅದನ್ನು ಅವನ ಕೈಕೆಳಗೆ ಇಡಬೇಕು. ಹಾಗೆಂದು ಅವನೇ ಹೇಳಿದ್ದ, ಅರ್ಧ ತಮಾಷೆಗೆ.

"ತೂತು ಬಿದ್ದ ಕಾಗದ ತಾನೇ," ಎಂದಳು ಬರ್ನೀಸ್. "ಇಟ್ಬಿಡು. ಮಾತು ಕೊಟ್ಟಿದೀಯ."

ಲೋರ್ನಾ ಕಡತವನ್ನು ಇನ್ನಷ್ಟು ಒತ್ತಿ ಹಿಡಿದಳು. ಇಟ್ಟರೆ ಅದು ಇನ್ನು ಯಾರಿಗೂ ಸಿಗುವುದಿಲ್ಲ, ಅದರೊಳಗಿನ ಪ್ರಶ್ನೆಯೂ ಅವನ ಜೊತೆಗೇ ಹೋಗುತ್ತದೆ.

*

ಮದುವೆಗೆ ಮುಂಚೆ ಓರಿನ್ ಅವಳನ್ನು ಹಾರ್ಟ್‌ಫರ್ಡಿನಲ್ಲಿ ನಡೆಯುವ ಹಳೆಯ ಕಾಗದಗಳ ಸಂತೆಗೆ ಕರೆದುಕೊಂಡು ಹೋಗಿದ್ದ. ಕೋಟು ತೊಟ್ಟವರೆಲ್ಲ ಗಾಜಿನ ಕೆಳಗಿನ ಸಹಿಗಳ ಮೇಲೆ ಬಗ್ಗಿ ನಿಂತಿದ್ದರು. ಎಲ್ಲವೂ ಇನ್ನೂರು ವರ್ಷದ ಹಿಂದೆ ದೇಶ ಹುಟ್ಟಿದ ಕಾಲದವು, ಶಾಲೆಯ ಗೋಡೆಯ ಪಟಗಳಿಂದ ನೋಡುವ ಮುಖಗಳವು. ಓರಿನ್ ಮಾತ್ರ ಮೇಜಿನ ಅಡಿಗೆ ಮಂಡಿಯೂರಿ ರಟ್ಟಿನ ಡಬ್ಬವೊಂದನ್ನು ಎಳೆದುಕೊಂಡ. ಅದರ ತುಂಬ ತೂತು ಬಿದ್ದ ಕಾಗದಗಳು.

"ಇಲಿ ತಿಂದಿದ್ದಾ?" ಎಂದು ಕೇಳಿದ್ದಳು.

"ಕತ್ತರಿ ತಿಂದಿದ್ದು. ಹಿಂದಿನ ಕಾಲದ ಪಾದ್ರಿಗಳು, ಅವರ ಹೆಂಡ್ತೀರು, ಆಲ್ಬಮ್‌ಗೆ ಅಂಟಿಸೋಕೆ ದೊಡ್ಡೋರ ಸಹಿ ಮಾತ್ರ ಕತ್ತರಿಸ್ಕೊಂಡು ಮಿಕ್ಕಿದ್ದು ಬಿಸಾಕ್ತಿದ್ರು."

"ಮಿಕ್ಕಿದ್ದರಲ್ಲಿ ಏನಿದೆ?"

"ಸಾಕ್ಷಿ ಹಾಕಿದೋರು, ಗುಮಾಸ್ತ, ಸಹಿ ಬರದೆ ಗೀಟು ಎಳೆದೋನು. ದೊಡ್ಡ ಮನುಷ್ಯ ಎದ್ದುಹೋದ್ಮೇಲೆ ಕೂತು ಮಾತಾಡೋಕೆ ಪುರಸೊತ್ತು ಸಿಗುತ್ತೆ ನೋಡು."

ಅವಳು ಅವನನ್ನು ಮದುವೆಯಾಗಿದ್ದು ಬಹುಶಃ ಆ ಮಾತಿಗೆ.

ಅವತ್ತು ಆ ಡಬ್ಬದಲ್ಲಿ ಸಿಕ್ಕಿದ್ದು ಅಸಾಹೆಲ್ ಟಟ್ಲ್ ಎಂಬ ಸೇನೆಯ ನಗಾರಿಯವನ ಬಿಡುಗಡೆ ಪತ್ರ. ಯುದ್ಧ ಮುಗಿಯಿತು, ಇವನು ಮನೆಗೆ ಹೋಗಬಹುದು ಎಂದು ಸೇನಾಧಿಪತಿ ಸಹಿ ಹಾಕಿದ್ದು. ಸಹಿಯ ಜಾಗದಲ್ಲಿ ಬೆರಳುದ್ದದ ತೂತು. ಕಾಗದದ ಬೆನ್ನ ಮೇಲೆ ಅಸಾಹೆಲ್ ತನ್ನದೇ ಕೈಯಲ್ಲಿ ನಾಲ್ಕು ಸಾಲು ಗೀಚಿದ್ದ: ಒಂಬತ್ತು ದಿನ ನಡೆದೆ. ನಮ್ಮ ಗೇಟು ಹಾಗೇ ಇತ್ತು. ಹೆಂಡತಿ ಬಾಗಿಲಿಗೆ ಬಂದು ಹೇಳಿದ್ದೇನೆಂದರೆ— ಅಲ್ಲಿ ತೂತು. ತೂತಿನಾಚೆಗೆ: ಆಮೇಲೆ ಊಟ ಮಾಡಿದೆವು.

"ನಾಲ್ಕು ವರ್ಷ ಆದ್ಮೇಲೆ ಬಂದಿದಾನೆ," ಎಂದಿದ್ದ ಓರಿನ್. "ಏನು ಹೇಳ್ತಾಳೆ? ಅತ್ತಿರ್ತಾಳೆ."

"ಹೇಳಿದ್ದು ಅಂತ ಬರೆದಿದಾನೆ, ಅತ್ತಿದ್ದು ಅಂತಲ್ಲ. ನೆಲದ ಬಗ್ಗೆ ಏನೋ ಅಂದಿರ್ತಾಳೆ."

"ನಿಂಗೆ ಹೃದಯಾನೇ ಇಲ್ಲ ಕಣೇ."

"ನೀನು ಯಾವತ್ತೂ ನೆಲ ಒರೆಸಿಲ್ಲ ಕಣೋ."

ಹದಿನೆಂಟು ವರ್ಷ ಇದೇ ವಾದ. ದಿನಾ ಟಪಾಲು ಮುಗಿಸಿ ಬಂದವನು ಹಿತ್ತಿಲ ಬಾಗಿಲಲ್ಲಿ ನಿಂತು, "ಒಂಬತ್ತು ದಿನ ನಡೆದೆ," ಎನ್ನುತ್ತಿದ್ದ. ಅವಳು ಒಳಗಿಂದಲೇ ಏನಾದರೊಂದು ಹೊಸ ಉತ್ತರ ಎಸೆಯುತ್ತಿದ್ದಳು. ನಿನ್ನ ನಾಯಿ ಸತ್ತೋಯ್ತು. ನಗಾರಿ ಆಚೇನೇ ಇರ್ಲಿ. ಯಾರಪ್ಪಾ ನೀನು?

ಕತ್ತರಿಸಿಕೊಂಡು ಹೋದ ಚೂರು ಎಲ್ಲಿದೆ ಎಂಬುದು ಗೊತ್ತಾದದ್ದು ಮರುವರ್ಷವೇ. ಹಳೆಯ ಪುಸ್ತಕ ಮಾರುವ ಥ್ಯಾಕ್ಸ್ಟರ್ ತನ್ನ ಅಜ್ಜನ ಆಲ್ಬಮ್ ತೋರಿಸುತ್ತಿದ್ದಾಗ ಒಂದು ಸಹಿಯ ಓರೆ ಅಂಚನ್ನು ಓರಿನ್ ಗುರುತಿಸಿದ. ಅದೇ ಕತ್ತರಿ. ಸಹಿ ಮೇಲ್ಮುಖವಾಗಿ ಅಂಟಿಕೊಂಡಿತ್ತು. ಅಸಾಹೆಲನ ಮಾತಿದ್ದ ಬೆನ್ನು ಅಂಟಿನೊಳಗೆ.

"ಬಿಡಿಸೋದಾ? ಶಾಯಿ ಕಿತ್ತುಬಂದ್ರೆ?" ಎಂದಿದ್ದ ಥ್ಯಾಕ್ಸ್ಟರ್. "ಆ ಹೆಸರು ಮತ್ತೆ ಹುಟ್ಟುತ್ತೇನಯ್ಯಾ?"

"ನಂಗೆ ಹೆಸರು ಬೇಡ, ಅದರ ಬೆನ್ನು ಬೇಕು."

"ನಾಳೆ ನೋಡೋಣ."

ಪ್ರತಿ ವರ್ಷವೂ ಓರಿನ್ ಕೇಳುತ್ತಿದ್ದ. ಪ್ರತಿ ವರ್ಷವೂ ಅವನು ನಾಳೆ ಎನ್ನುತ್ತಿದ್ದ. "ಬಿಡು," ಎಂದಿದ್ದ ಓರಿನ್ ಲೋರ್ನಾಗೆ ಕಳೆದ ಚಳಿಗಾಲದಲ್ಲಿ, ಬೀನ್ಸ್ ಕಾಳು ಬೇಯಿಸಿದ ಪಾತ್ರೆಯನ್ನು ಬ್ರೆಡ್ಡಿನಿಂದ ಬಳಿಯುತ್ತ. "ಕಾಗದಾನ ನನ್ನ ಜೊತೆ ಇಟ್ಬಿಡು. ಅಲ್ಲಿ ಅಸಾಹೆಲನ ಹೆಂಡ್ತೀನೇ ಕೇಳ್ತೀನಿ."

*

ಹತ್ತೂಮುಕ್ಕಾಲಿಗೆ ಜನ ಚರ್ಚಿನ ಕಡೆ ಹೊರಟರು. ಕೋಣೆಯಲ್ಲಿ ಲೋರ್ನಾ, ಬರ್ನೀಸ್, ಏಮ್ಸ್ ಉಳಿದರು. ಲೋರ್ನಾ ಕಡತದ ದಾರ ಬಿಚ್ಚಿದಳು. ಆಗ ಥ್ಯಾಕ್ಸ್ಟರ್ ಬಂದ. ಎಂಬತ್ತೆರಡರ ಮುದುಕ, ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು.

"ತಡವಾಯ್ತಮ್ಮ. ಅವಸರ ಮಾಡಿದ್ರೆ ಹಾಳಾಗುತ್ತೆ. ಸೋಮವಾರ ಸುದ್ದಿ ಬಂತಲ್ಲ, ಅವತ್ತೇ ಒದ್ದೆ ಮಾಡಿದ ಹೀರುಕಾಗದ ಅಂಟಿನ ಮೇಲೆ ಇಟ್ಟೆ. ಇವತ್ತು ಬೆಳಿಗ್ಗೆ ಬಿಡ್ತು."

ಅಂಗಿಯ ಜೇಬಿನಿಂದ ಎರಡು ಗಾಜಿನ ತುಂಡುಗಳನ್ನು ತೆಗೆದ. ನಡುವೆ ಬೆರಳುದ್ದದ ಕಾಗದದ ಚೂರು.

"ಶಾಯಿ?" ಎಂದಳು ಲೋರ್ನಾ.

"ದೊಡ್ಡೋರ ಸಹಿ ಬಾಲ ಸ್ವಲ್ಪ ಹೋಯ್ತು. ಕೊನೇ ಅಕ್ಷರ. ಹೋಗ್ಲಿ."

"ಓದಿದ್ರಾ?"

"ನಾನ್ಯಾಕೆ ಓದ್ಲಿ? ಅದು ನಿಮ್ಮಿಬ್ಬರ ಜಗಳ." ಅವನು ಪೆಟ್ಟಿಗೆಯ ಕಡೆ ನೋಡಿದ, ಮತ್ತೆ ನೋಡಲಿಲ್ಲ. "ನನ್ನ ನಾಳೆ ಅನ್ನೋದು ನಾಲ್ಕೇ ದಿನದ ಕೆಲಸ ಆಗಿತ್ತು ಕಣಮ್ಮ."

ಕಿಟಕಿಯ ಕಟ್ಟೆಯ ಮೇಲೆ ಬಿಡುಗಡೆ ಪತ್ರವನ್ನು ಬೋರಲು ಹಾಸಿದರು. ಚೂರನ್ನು ತೂತಿನೊಳಗೆ ಇಟ್ಟದ್ದು ಲೋರ್ನಾ. ಓರೆ ಅಂಚು ಓರೆ ಅಂಚಿಗೆ ಕೂತಿತು. ಅಸಾಹೆಲನ ಗೀಚು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಡೆಯಿಲ್ಲದೆ ನಡೆದುಹೋಯಿತು.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ನಕ್ಕುಬಿಟ್ಟಳು.

"ಲೋರ್ನಾ," ಎಂದು ಗದರಿದಳು ಬರ್ನೀಸ್. "ಏನೇ ಅದು?"

"'ಕಾಲೊರೆಸಿಕೋ ಎಂದು,'" ಲೋರ್ನಾ ಬೆರಳಿಟ್ಟು ಓದಿದಳು, "'ಮುಖವನ್ನು ಆಚೆ ತಿರುಗಿಸಿಕೊಂಡು.'"

ಥ್ಯಾಕ್ಸ್ಟರ್ ಹ್ಯಾಟನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. "ಹಾಗಾದ್ರೆ ಗೆದ್ದೋರ್ಯಾರು?"

ಅವಳು ಪೆಟ್ಟಿಗೆಯ ಬಳಿ ಹೋಗಿ ಓರಿನ್ನನ ಕಿವಿಯ ಹತ್ತಿರ ಬಗ್ಗಿದಳು. ಅವಳು ಹೇಳಿದ್ದು ಬರ್ನೀಸಳಿಗೆ ಅರ್ಧ ಮಾತ್ರ ಕೇಳಿಸಿತು: "ಅರ್ಧ ನೀನೂ ಗೆದ್ದೆ ಕಣೋ."

ಏಮ್ಸ್ ಗಡಿಯಾರ ನೋಡಿದ. "ಕಾಗದ ಒಳಗಿಡೋದಾ ಅಮ್ಮಾ?"

"ಬೇಡ, ಮನೇಲಿರ್ಲಿ. ಅವನು ಅಲ್ಲಿ ಕೇಳ್ಬೇಕಾದ್ದು ಏನೂ ಉಳಿದಿಲ್ಲ." ಕಾಲಿನ ಕಡೆಗೆ ಬೆರಳು ತೋರಿಸಿದಳು. "ಆ ಕಡೆ ಮುಚ್ಚಳಾನೂ ತೆಗೀರಿ."

ಏಮ್ಸ್ ತೆಗೆದ. ಲೋರ್ನಾ ಬರ್ನೀಸಳ ಕಡೆಗೆ ಕೈ ಚಾಚಿದಳು. ಒದ್ದೆ ಬಟ್ಟೆ ಬೆಳಗಿನಿಂದ ಅವಳ ಚೀಲದಲ್ಲೇ ಇತ್ತು. ಬರ್ನೀಸ್ ತೆಗೆದುಕೊಟ್ಟಳು.

ಲೋರ್ನಾ ಮೊದಲು ಎಡಗಾಲಿನ ಬೂಟು ಒರೆಸಿದಳು. ಹಿಮ್ಮಡಿ, ಹೊಲಿಗೆಯ ಸಂದು, ಅರ್ಧ ಬಿಚ್ಚಿದ ದಾರ. ಆಮೇಲೆ ಬಲಗಾಲಿನದು. ಸೋಮವಾರದ ಮಣ್ಣು ಕರಗಿ ಬಟ್ಟೆಗೆ ಬಂತು. ಕೈಯಂದಾಜಿನಲ್ಲೇ ಒರೆಸುತ್ತಿದ್ದಳು, ಮುಖ ಆಚೆ ಕಿಟಕಿಯ ಕಡೆಗಿತ್ತು.