ಸ್ಟೋರ್‌ರೂಮಿನ ಟೀಚರ್

ಪುಟ್ಟಿಯ ಎರಡನೆಯ ಜಡೆ ಅರ್ಧ ಹೆಣೆದಿರುವಾಗ ಹೆಡ್‌ಮಾಸ್ತರ ಕಾರು ಬಂದು ಬಾಗಿಲಲ್ಲಿ ನಿಂತಿತು. ತಾಯಿಯ ಕೈ ಅಲ್ಲೇ ನಿಂತಿತು. ಹಜಾರದಲ್ಲಿ ಅವಳ ಅಮ್ಮನ, ಎಂದರೆ ಪುಟ್ಟಿಯ ಅಜ್ಜಿಯ, ಮೃತದೇಹವಿತ್ತು.

“ಬಂದ ನೋಡು ಮಹಾನುಭಾವ, ಕಾಗದ ಹಿಡ್ಕೊಂಡು,” ತಾಯಿಯ ಅಣ್ಣ ಹಲ್ಲು ಕಚ್ಚಿದ. “ಅಮ್ಮ ಇದ್ದಾಗ ಬಾಯಿ ಮುಚ್ಚಿಸ್ದ. ಈಗ ಭಾಷಣ ಮಾಡ್ತಾನಂತೆ.”

“ಸುಮ್ನಿರು ಅಣ್ಣಾ. ನಾಳೆ ದಿನ ನಾನು ಅದೇ ಶಾಲೆಗೆ ಪಾಠ ಮಾಡೋಕೆ ಹೋಗ್ಬೇಕು.”

“ಹೌದಮ್ಮಾ, ನೀನು ಸುಮ್ನಿರೋದ್ರಲ್ಲಿ ಎತ್ತಿದ ಕೈ.”

“ಅಮ್ಮಾ, ನಾನೊಂದು ಕೇಳ್ಲಾ ಅವರನ್ನ?” ಎಂದಳು ಪುಟ್ಟಿ.

“ಏನೂ ಕೇಳ್ಬೇಡ. ತಲೆ ನೆಟ್ಟಗಿಡು.”

*

ತೀರಿಹೋದ ಅಮ್ಮ ಆ ಶಾಲೆಯಲ್ಲಿ ಆರನೆಯ ತರಗತಿಗೆ ಸಂವಿಧಾನ ಕಲಿಸುತ್ತಿದ್ದಳು. ಬಾಯಿಪಾಠ ಮಾಡಿಸುತ್ತಿರಲಿಲ್ಲ. ಒಂದೊಂದು ಮಗು ಒಂದೊಂದು ವಿಧಿಯನ್ನು ಮನೆಗೆ ಒಯ್ದು, ಅಲ್ಲಿ ಅದು ನಡೆಯುತ್ತದೆಯೇ ಎಂದು ನೋಡಿ ಬಂದು ಹೇಳಬೇಕು. “ಟೀಚರ್, ನಮ್ಮನೇಲಿ ಸಮಾನತೆ ಊಟ ಆದ್ಮೇಲೆ ಮುಗಿಯತ್ತೆ. ಪಾತ್ರೆ ನಾನೊಬ್ಳೇ ತೊಳೀಬೇಕು,” ಎಂದು ಒಬ್ಬಳು ಹೇಳಿದಾಗ ತರಗತಿಯೆಲ್ಲ ನಕ್ಕಿತ್ತು.

ಒಂದು ವರ್ಷ ಮಕ್ಕಳು ಶಾಲೆಯನ್ನೇ ನೋಡಿ ಬಂದರು. ಹೆಡ್‌ಮಾಸ್ತರ ಶೌಚಾಲಯಕ್ಕೆ ಬೀಗ, ಹುಡುಗಿಯರದ್ದಕ್ಕೆ ಚಿಲಕವೂ ಇಲ್ಲ ಎಂದು ಬರೆದು, ನಲವತ್ತೊಂದು ಮಕ್ಕಳೂ ಸಹಿ ಹಾಕಿ, ಅವರ ಕೋಣೆಯ ಬಾಗಿಲಿಗೇ ಅಂಟಿಸಿದರು.

“ಪಾಠ ಮಾಡಿ ಅಂದ್ರೆ ತಲೆ ಮೇಲೆ ಹತ್ತೋದು ಕಲಿಸ್ತೀರೇನ್ರೀ?”

“ಪಾಠ ಅರ್ಥ ಆಗಿದೆ ಸರ್. ಅಷ್ಟೇ.”

ಮರುದಿನದಿಂದ ಅಮ್ಮನಿಗೆ ತರಗತಿ ಇಲ್ಲ; ಸ್ಟೋರ್‌ರೂಮಿನಲ್ಲಿ ಸೀಮೆಸುಣ್ಣ ಹಂಚಿದಳು. ನಿವೃತ್ತಿಯವರೆಗೆ, ನಾಲ್ಕು ವರ್ಷ. ಅದೇ ಶಾಲೆಯ ಟೀಚರಾದ ಮಗಳು, ಪುಟ್ಟಿಯ ತಾಯಿ, ದಿನವೂ ಹೋಗಿ ಕೈಯೊಡ್ಡಿ ಸೀಮೆಸುಣ್ಣ ಪಡೆದಳು. ಅಮ್ಮನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ.

*

ಹೆಡ್‌ಮಾಸ್ತರು ದೇಹದ ಬಳಿ ನಿಂತು ಕನ್ನಡಕ ಸರಿಮಾಡಿಕೊಂಡರು.

“ಸಂವಿಧಾನವನ್ನು ಮಕ್ಕಳ ಎದೆಗಿಳಿಸಿದ ಮಹಾನ್ ಶಿಕ್ಷಕಿ. ಇವರಿಗೆ ನಮ್ಮ ಶಾಲೆ ಸದಾ ಬೆನ್ನೆಲುಬಾಗಿತ್ತು.”

“ಮುರಿದಿದ್ದು ಯಾರಪ್ಪಾ ಹಾಗಾದ್ರೆ?” ಹಿಂದಿನಿಂದ ಶಾಲೆಯ ಮುದಿ ಅಟೆಂಡರ್ ಗೊಣಗಿದ. ಯಾರೋ ಶ್ ಎಂದರು.

“ಇಂಥವರನ್ನು ತರಗತಿಯಲ್ಲಿ ಕಂಡದ್ದೇ ನನ್ನ ಪುಣ್ಯ.”

ತಾಯಿ ತನ್ನ ಕೈ ನೋಡಿಕೊಂಡಳು. ಅದರ ಕೆಳಗೆ ಪುಟ್ಟಿಯ ಭುಜವಿತ್ತು. ಆ ಪುಟ್ಟ ಭುಜವನ್ನು ಅದು ಇಷ್ಟು ಹೊತ್ತೂ ಅದುಮಿ ಹಿಡಿದಿತ್ತು.

ಅವಳು ಕೈ ತೆಗೆದಳು.

ಪುಟ್ಟಿ ತಿರುಗಿ ತಾಯಿಯ ಮುಖ ನೋಡಿದಳು. ಆಮೇಲೆ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಹೆಡ್‌ಮಾಸ್ತರ ಎದುರು ನಿಂತಳು.

“ಸರ್, ಅಜ್ಜಿ ಅಷ್ಟು ಒಳ್ಳೆ ಟೀಚರ್ ಆಗಿದ್ರೆ, ಅವರನ್ನ ಕ್ಲಾಸಿಂದ ಯಾಕೆ ಹೊರಗೆ ಹಾಕಿದ್ರಿ?”