ಎಮ್ಮೆಯ ಪ್ರಾರ್ಥನೆ

ಮಸ್ಕಿಯ ಕ್ರೈಸ್ತರ ಓಣಿಯಲ್ಲಿ ಯಾರ ಕೂಸಿಗೆ ಜ್ವರ ಬಂದರೂ ಪ್ರಾರ್ಥನೆಗೆ ಕಲ್ಯಾಣಮ್ಮನೇ ಬೇಕು. ಆಕೆ ಕಣ್ಣು ಮುಚ್ಚಿ ಬಾಯಿ ತೆರೆದಳೆಂದರೆ ಅರ್ಧ ತಾಸು ನಿಲ್ಲಿಸುವವಳಲ್ಲ. ಒಲೆಯ ಮೇಲೆ ಸಾರು ಸೀದುಹೋದರೂ ಉಳಿದ ಹೆಂಗಸರು ಆಮೆನ್‌ಗೆ ಕಾಯಬೇಕು.

ಅಂಥವಳಿಗೆ ಈಗ ಮಾತೇ ಹೊರಡುತ್ತಿರಲಿಲ್ಲ. ಸಿಂಧನೂರಿನ ಆಸ್ಪತ್ರೆಯಲ್ಲಿ ಗಂಡ ಕನಕರಾಜ ಮಲಗಿದ್ದ. ಹೊಟ್ಟೆಯಲ್ಲಿ ಗಡ್ಡೆ, ನಾಳೆ ಬೆಳಿಗ್ಗೆ ಆಪರೇಷನ್. ಕೊಯ್ದು ನೋಡಿದ ಮೇಲೆಯೇ ಹೇಳಬಹುದು ಎಂದು ಡಾಕ್ಟರು ಅಂದ ಗಳಿಗೆಯಿಂದ ಅವಳ ಎದೆ ಒಣಗಿತ್ತು. ಮೂರು ದಿನದಿಂದ ಮಂಚದ ಪಕ್ಕ ಮೊಣಕಾಲೂರಿ ‘ತಂದೆಯೇ’ ಅನ್ನುತ್ತಿದ್ದಳು. ಮುಂದೆ ಏನೂ ಇಲ್ಲ. ಕೇಳುವವನು ಇದ್ದಾನೋ ಇಲ್ಲವೋ ಎಂಬ ಅನುಮಾನ ಬೇರೆ. ಓಣಿಗೆಲ್ಲ ಧೈರ್ಯ ಹೇಳಿದವಳು ಹೀಗಾದೆನಲ್ಲ ಎಂದು ಅವಳಿಗೆ ನಾಚಿಕೆಯೂ ಆಗುತ್ತಿತ್ತು.

ಮಧ್ಯಾಹ್ನದ ಬಸ್ಸಿಗೆ ನೆರೆಮನೆಯ ಪೀರಮ್ಮ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದಳು. ಹತ್ತು ವರ್ಷ ಪ್ರಾರ್ಥನಾ ಕೂಟದಲ್ಲಿ ಕೂತರೂ ಆಮೆನ್ ಬಿಟ್ಟು ಬೇರೆ ಸೊಲ್ಲೆತ್ತದವಳು.

“ಅಕ್ಕಾ, ಪ್ರಾರ್ಥನಿ ಮಾಡಿದೇನು?”

“ಆಗವಲ್ದು ಪೀರಮ್ಮ. ನನ್ನ ನಂಬಿಕಿನ ಹೋಗೈತೇನೋ ಅನ್ನಸ್ತೈತಿ.”

ಪೀರಮ್ಮ ತಲೆಯ ಮೇಲೆ ಸೆರಗೆಳೆದು, ಕನಕರಾಜನ ಪಾದದ ಮೇಲೆ ಕೈಯಿಟ್ಟಳು.

“ಪ್ರೀತಿಯುಳ್ಳ ತಂದೆಯೇ, ಈ ಮೂಕ ಜೀವದ ಮ್ಯಾಲೆ ನಿನ್ನ ಕೈ ಇಡಪ್ಪ. ಮೇವು ಮುಟ್ಟವಲ್ದು. ಈ ಮನಿಗೆ ಎರಡೂ ಹೊತ್ತು ಹಾಲು ಕೊಟ್ಟೈತಿ. ಇದರ ನಾಕೂ ಕಾಲಿಗೆ ಬಲ ಕೊಡು...”

ಕನಕರಾಜ ಕಣ್ಣು ಬಿಟ್ಟ. “ಎಷ್ಟು ಕಾಲಿಗೆ?”

ಕಲ್ಯಾಣಮ್ಮನಿಗೆ ಥಟ್ಟನೆ ಹೊಳೆಯಿತು. ಮೂರು ವರ್ಷದ ಹಿಂದೆ ಪೀರಮ್ಮನ ಎಮ್ಮೆ ಜಡ್ಡಿಗೆ ಬಿದ್ದಾಗ ತಾನೇ ಮಾಡಿದ ಪ್ರಾರ್ಥನೆ ಇದು. ಪುಣ್ಯಾತ್ಗಿತ್ತಿ ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ್ದಳು.

“ನನಗ ಇದೊಂದ ಬರೋದು ಅಕ್ಕಾ,” ಎಂದಳು ಪೀರಮ್ಮ.

ಕಲ್ಯಾಣಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವಳನ್ನು ಬಾಗಿಲ ಹತ್ತಿರ ಕರೆದು ಮೆಲ್ಲಗೆ ಕೇಳಿದಳು, “ಆ ಎಮ್ಮಿ ಉಳೀಲಿಲ್ಲಲ್ಲ?”

“ಉಳೀಲಿಲ್ಲ. ಆದ್ರ ಅದು ಜೀವ ಬಿಡೋತನಕ ನೀ ನನ್ನ ಜೋಡಿ ಸಗಣ್ಯಾಗ ಕುಂತಿದ್ದಿ. ದೇವರ ನಿನ್ನ ಕಳಿಸ್ಯಾನ ಅಂತ ನಂಬೀನಿ. ಇವತ್ತ ನನ್ನ ಕಳಿಸ್ಯಾನ.”

ಕಲ್ಯಾಣಮ್ಮ ಮರಳಿ ಬಂದು ಗಂಡನ ಇನ್ನೊಂದು ಪಾದ ಹಿಡಿದು ಕೂತಳು. ಹೆದರಿಕೆ ಹೋಗಿರಲಿಲ್ಲ.

“ಮುಗಸು ಪೀರಮ್ಮ.”

“ಮುಗಸವ್ವಾ,” ಎಂದ ಕನಕರಾಜನೂ, “ಹಾಲಿಂದೊಂದು ಬಿಟ್ಟು.”

ಪೀರಮ್ಮನಿಗೆ ನಡುವೆ ಬಿಟ್ಟು ಹೇಳಲು ಬರುತ್ತಿರಲಿಲ್ಲ. ಮೇವು, ಹಾಲು, ನಾಲ್ಕು ಕಾಲು ಎಲ್ಲ ಸೇರಿಸಿ ಮೊದಲಿಂದ ಕೊನೆತನಕ ಹೇಳಿದಳು. ಇಷ್ಟು ವರ್ಷ ಊರವರಿಂದ ಆಮೆನ್ ಹೇಳಿಸಿಕೊಂಡಿದ್ದ ಕಲ್ಯಾಣಮ್ಮ, ಈ ಸಲ ತಾನೇ ಆಮೆನ್ ಅಂದಳು.