ತಿದ್ದಿದ ಮುಖ

ಶಾಯಿ ಚಿಮ್ಮುವ ಹೆಡ್ಡು ಕೆಟ್ಟು ಹಳೆಯ ಪ್ರಿಂಟಿಂಗ್ ಮೆಷಿನ್ನು ಪೂರ್ತಿ ನಿಂತುಹೋದ ದಿನ ದುರ್ಗಾಂಬಿಕಾಳಿಗೆ ಒಳಗೊಳಗೇ ಖುಷಿಯಾಯಿತು. ಜಗಳೂರಿನ ಆ ಫ್ಲೆಕ್ಸ್ ಅಂಗಡಿಯಲ್ಲಿ ಹನ್ನೊಂದು ವರ್ಷ ಅದರ ಮುಂದೆ ನಿಂತವಳು ಅವಳು. ಗಂಡ ಕೆಂಚೇಶ್ ಕೂರುವುದು ಮುಂದಿನ ಕೌಂಟರಿನಲ್ಲಿ, ಫ್ಯಾನಿನ ಕೆಳಗೆ. ಶಾಯಿಯ ಘಾಟು ಅವಳ ಸೀರೆಗೆ, ಕೂದಲಿಗೆ, ಉಣ್ಣುವ ಕೈಗೂ ಹತ್ತಿಕೊಂಡಿತ್ತು. ಎರಡು ವರ್ಷದಿಂದ ಬಿಡದ ಕೆಮ್ಮು. ಘಾಟಿಲ್ಲದ ಶಾಯಿಯ ಮೆಷಿನ್ ಬಂದಿದೆಯೆಂದು ಮೊಬೈಲಿನಲ್ಲಿ ನೋಡಿ ನೋಡಿ ತಿಳಿದುಕೊಂಡಿದ್ದಳು.

"ಮೆಷಿನ್ ಕೊಳ್ಳಾಕೆ ದಾವಣಗೆರೆಗೆ ನಾನೂ ಬರ್ತೀನ್ರಿ. ಘಾಟಿಲ್ಲದ್ದು, ನೀವು ಹೇಳೋ ಸೆಕೆಂಡ್ ಹ್ಯಾಂಡು, ಎರಡರಲ್ಲೂ ಒಂದೇ ಮುಖ ಹೊಡೆಸಿ ನೋಡಾಣ."

"ನೀನು ಬಂದು ಏನು ಮಾಡ್ತೀಯ? ಸೀರೆ ಆರಿಸಾಕೆ ಹೋಗ್ತಿದ್ದೀವಾ?"

"ಸೀರೆನಾದ್ರೂ ಆರಿಸಾಕೆ ಬಿಟ್ಟಿದ್ರಾ?"

ಕೆಂಚೇಶ್ ನಕ್ಕ. ಅವನು ನಕ್ಕನೆಂದರೆ ಮಾತು ಮುಗಿಯಿತೆಂದೇ ಅರ್ಥ.

ಹಳೆಯ ಮೆಷಿನ್ನು ಕೆಂಪನ್ನು ಸರಿಯಾಗಿ ಉಗುಳುತ್ತಿರಲಿಲ್ಲ. ಹಾಗೇ ಬಿಟ್ಟರೆ ಎಂಥವರ ಮುಖವೂ ಕಾಮಾಲೆ ಬಂದಂತೆ ಕಾಣುತ್ತಿತ್ತು. ಅದಕ್ಕೇ ಪ್ರತಿ ಫೋಟೋಗೂ ಅವಳು ಕಂಪ್ಯೂಟರಿನಲ್ಲಿ ಮೊದಲೇ ಕೆಂಪು ಏರಿಸಿಡುತ್ತಿದ್ದಳು. ಹುಟ್ಟುಹಬ್ಬದ ಲೀಡರುಗಳು, ನಾಮಕರಣದ ಕೂಸುಗಳು, ತೀರಿಹೋದವರು, ಯಾರ ಮುಖವೂ ಅವಳ ಕೈ ದಾಟದೆ ಬೀದಿಗೆ ಹೋಗಿರಲಿಲ್ಲ.

"ನಾನು ತಿದ್ದಿರೋ ಫೈಲ್ ಒಯ್ಯಬ್ಯಾಡ್ರಿ. ಗಿರಾಕಿ ಕೊಟ್ಟ ಫೋಟೋನೇ ಒಯ್ರಿ," ಎಂದಳು.

"ಆಯ್ತು ಮಾರಾಯ್ತಿ."

ಸಂಜೆ ಬಂದವನೇ ಎರಡು ತುಂಡು ಫ್ಲೆಕ್ಸ್ ಬಿಡಿಸಿ ಹಾಸಿದ. ಎರಡರಲ್ಲೂ ಒಬ್ಬಳೇ ಮದುಮಗಳು.

"ಇದು ನಿನ್ನ ಘಾಟಿಲ್ಲದ ಮೆಷಿನ್ನು. ಹುಡುಗಿ ಕೆನ್ನೆಗೆ ಯಾರೋ ಹೊಡ್ದಂಗೈತೆ. ಇದನ್ನ ನೋಡು, ಸೆಕೆಂಡ್ ಹ್ಯಾಂಡು, ಎಷ್ಟು ಚಂದ ಬಂದೈತೆ! ಇದರ ವ್ಯಾಪಾರನೇ ಮುಗಿಸಿ ಬಂದೆ."

ಹೋದ ತಿಂಗಳು ತಾನೇ ಕೆಂಪು ಏರಿಸಿದ ಕೆನ್ನೆ ಅದು. ದುರ್ಗಾಂಬಿಕಾಳಿಗೆ ನೋಡಿದೊಡನೆ ಗೊತ್ತಾಯಿತು.

"ತಿದ್ದಿದ್ದನ್ನೇ ಒಯ್ದಿದ್ದೀರಿ."

"ಚೆನ್ನಾಗಿ ಬಂದಿದ್ದನ್ನ ಬಿಟ್ಟು ಕೆಟ್ಟದ್ದನ್ನ ಯಾರಾದ್ರೂ ಒಯ್ತಾರಾ?"

"ಒಳ್ಳೆ ಮೆಷಿನ್ನು ನಾನು ಕೊಟ್ಟಷ್ಟು ಕೆಂಪನ್ನೂ ಹಂಗೇ ಹೊಡ್ದೈತ್ರಿ. ನೀವು ಒಪ್ಪಿ ಬಂದಿದ್ದಕ್ಕೆ ನಮ್ಮ ಹಳೇದರ ರೋಗನೇ ಐತೆ, ಕೆಂಪು ಉಗುಳಲ್ಲ. ಅದಕ್ಕೇ ಚಂದ ಕಾಣ್ತದೆ."

ಅವನು ಎರಡೂ ತುಂಡುಗಳನ್ನು ಮತ್ತೊಮ್ಮೆ ನೋಡಿದ. ಅವನಿಗೆ ಅರ್ಥವಾಗಿತ್ತು. ಅರ್ಥವಾಗದಿದ್ದರೆ ಅವಳು ಅಷ್ಟು ನೋಯುತ್ತಿರಲಿಲ್ಲ.

"ಮಾತು ಕೊಟ್ಟು ಬಂದೀನಿ. ಹೆಂಡ್ತಿ ಬ್ಯಾಡಂದ್ಲು ಅಂತ ಹೇಳ್ಲಾ ಈಗ?" ಎಂದು ಫ್ಲೆಕ್ಸ್ ಸುತ್ತಿಟ್ಟ.

ವಾರದಲ್ಲಿ ಮೆಷಿನ್ ಬಂತು, ಜೊತೆಗೆ ಅದೇ ಘಾಟು. ಜೋಡಿಸಲು ಬಂದ ಮೆಕ್ಯಾನಿಕ್ ಕೇಳಿದ: "ನಡೆಸೋರು ಯಾರು ಸರ್?"

"ನಾನೇ. ಇವ್ಳು ಸ್ವಲ್ಪ ಕೈಜೋಡಿಸ್ತಾಳೆ."

ಮೊದಲ ಕೆಲಸ ಸೊಕ್ಕೆ ಊರಿನ ಉಚ್ಚಂಗೆಮ್ಮನ ಶ್ರದ್ಧಾಂಜಲಿ ಫ್ಲೆಕ್ಸು. ಮಗಳು ಅನ್ನಪೂರ್ಣ ಬೆಂಚಿನ ಮೇಲೆ ಕಾದಿದ್ದಳು. ದುರ್ಗಾಂಬಿಕಾ ಬೇಕೆಂದೇ ಫೋಟೋ ತಿದ್ದಲಿಲ್ಲ. ನಡೆಸುವವರು ನಡೆಸಲಿ, ತಾನು ಕೈಕಟ್ಟಿ ನಿಲ್ಲುವೆನೆಂದು ಹಟ ಹಿಡಿದಿದ್ದಳು. ಮುಖ ಹಳದಿಯಾಗಿ ಇಳಿಯಿತು. ಮೆಕ್ಯಾನಿಕ್ ಕೆಂಚೇಶನನ್ನು ನೋಡಿದ, ಕೆಂಚೇಶ್ ಹೆಂಡತಿಯನ್ನು ನೋಡಿದ. ಅವಳು ಕದಲಲಿಲ್ಲ.

ಅಷ್ಟರಲ್ಲಿ ಅನ್ನಪೂರ್ಣ ಎದ್ದು ಬಂದಳು. "ನಮ್ಮವ್ವ ಆಸ್ಪತ್ರೆನಾಗೆ ಹಿಂಗೇ ಆಗಿದ್ಲಕ್ಕಾ. ಇದು ಬ್ಯಾಡ," ಎಂದಳು.

ದುರ್ಗಾಂಬಿಕಾ ಹೋಗಿ ಕಂಪ್ಯೂಟರಿನ ಮುಂದೆ ಕುಳಿತಳು. ಕೆಮ್ಮುತ್ತಲೇ ಕೆಂಪು ಏರಿಸಿದಳು. ಎರಡನೆಯ ಸಲ ಉಚ್ಚಂಗೆಮ್ಮ ಬದುಕಿದ್ದಾಗಿನಂತೆಯೇ ಇಳಿದಳು.

"ಮುಖಕ್ಕೆ ಇದೇ ಮೆಷಿನ್ ಸರಿ ಅಂತ ನಾನು ಹೇಳ್ಲಿಲ್ವಾ?" ಎಂದು ಕೆಂಚೇಶ್ ಮೆಕ್ಯಾನಿಕ್ಕನ ಬೆನ್ನು ತಟ್ಟಿದ.

ತಾನು ಇಲ್ಲಿ ಕುಳಿತು ತಿದ್ದುತ್ತಿರುವವರೆಗೂ ಅದು ಕೆಟ್ಟ ಮೆಷಿನ್ನೆಂದು ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಸೆರಗನ್ನು ಮೂಗಿಗೆ ಒತ್ತಿಕೊಂಡು ಮುಂದಿನ ಫೋಟೋ ತೆರೆದಳು.